ಮಿರ್ಚಿ ಭಜಿ ಅಂದ್ರೆ ನೀರಿನ ಲೆಕ್ಕ

ಕೊಪ್ಪಳದಲ್ಲಿ ಸಂಜೆ ಐದಾಯಿತೆಂದರೆ ಬೀದಿಯ ವಾಸನೆಯೇ ಬೇರೆ. ಕಾದ ಎಣ್ಣೆ, ಅಜವಾನ, ಹಸಿಮೆಣಸಿನಕಾಯಿ ಮೂರೂ ಕಲೆತ ಗಾಳಿ ಅದು. ತಳ್ಳುಬಂಡಿ ಮುಂದೆ ನಿಂತು "ಒಂದ್ ಪ್ಲೇಟ್ ಒಗ್ಗರಣಿ, ಎರಡ್ ಮಿರ್ಚಿ" ಅಂದರೆ ಸಾಕು. ಮಂಡಾಳಿನ, ಅಂದರೆ ಮಂಡಕ್ಕಿಯ, ಒಗ್ಗರಣೆ ಮೇಲೆ ಬಿಸಿ ಮಿರ್ಚಿ ಬಂದು ಕೂರುತ್ತದೆ. ಬಳ್ಳಾರಿಯಲ್ಲೂ ಇದೇ, ರಾಯಚೂರಿನಲ್ಲೂ ಇದೇ. ಮೈಸೂರು ಕಡೆಯವರು ಬಜ್ಜಿ ಅನ್ನುವುದನ್ನು ನಾವು ಭಜಿ ಅನ್ನುತ್ತೇವೆ. ಮೆಣಸಿನಕಾಯಿಯದಾದರೆ ಭಜಿ ಅನ್ನುವ ಮಾತೂ ಬೇಡ, ಬರೀ ಮಿರ್ಚಿ.

ಆದರೆ ಅದೇ ಮಿರ್ಚಿ ಮನೆಯಲ್ಲಿ ಮಾಡಿದಾಗ ಹಾಗೆ ಬರುವುದಿಲ್ಲ ಅನ್ನುವವರು ಬಹಳ. ಎಣ್ಣೆ ಕುಡಿಯುತ್ತದೆ. ಐದು ನಿಮಿಷಕ್ಕೆ ಮೆತ್ತಗಾಗುತ್ತದೆ. ಹಿಟ್ಟು ಒಂದು ಕಡೆ, ಕಾಯಿ ಒಂದು ಕಡೆ ಆಗುತ್ತದೆ. ನನಗೂ ಎಷ್ಟೋ ವರ್ಷ ಹಾಗೇ ಆಗುತ್ತಿತ್ತು. ನಾನು ಹಿಟ್ಟಿನ ಅಳತೆ ಬದಲಿಸುತ್ತಿದ್ದೆ, ಸೋಡಾ ಹೆಚ್ಚು ಕಡಿಮೆ ಮಾಡುತ್ತಿದ್ದೆ. ಒಂದು ಸಲ ನಮ್ಮ ದೊಡ್ಡವ್ವ ಪಕ್ಕಕ್ಕೆ ಬಂದು ನಿಂತಳು. "ಹಿಟ್ಟಿನ ಕಡಿ ಏನ್ ನೋಡ್ತೀಯವ್ವ, ಗುಳ್ಳಿ ಕಡಿ ನೋಡು" ಅಂದಳು.

ಆ ಮಾತು ಅರ್ಥವಾಗಲು ಸ್ವಲ್ಪ ದಿನ ಬೇಕಾಯಿತು. ಬಾಣಲೆಯಲ್ಲಿ ಏಳುವ ಗುಳ್ಳೆ ಎಣ್ಣೆಯದಲ್ಲ, ನೀರಿನದು. ಭಜಿ ಕರಿಯುವಾಗ ಎಣ್ಣೆ ಕುದಿಯುತ್ತಿದೆ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಎಣ್ಣೆ ಕುದಿಯುವುದಿಲ್ಲ. ಕುದಿಯುತ್ತಿರುವುದು ಹಿಟ್ಟಿನೊಳಗಿನ, ಕಾಯಿಯೊಳಗಿನ ನೀರು. ಭಜಿ ಚೆನ್ನಾಗಿ ಬರುವುದು, ಕೆಡುವುದು ಎರಡೂ ಆ ನೀರು ಹೇಗೆ ಹೊರಗೆ ಹೋಗುತ್ತದೆ ಅನ್ನುವುದರ ಮೇಲೆ ನಿಂತಿದೆ. ಇದೊಂದು ತಿಳಿದರೆ ಉಳಿದ ಎಲ್ಲಾ ಕಿವಿಮಾತುಗಳಿಗೂ ಕಾರಣ ತಾನಾಗಿ ಸಿಗುತ್ತದೆ.

ಬಾಣಲೆಯೊಳಗೆ ಆಗುವುದೇನು

ಕಾಯಿಪಲ್ಲೆ ಅಂದರೆ ಬಹುಪಾಲು ನೀರೇ. ಹಸಿಮೆಣಸಿನಕಾಯಿಯ ತೂಕದಲ್ಲಿ ನೂರಕ್ಕೆ 85ಕ್ಕಿಂತ ಜಾಸ್ತಿ ನೀರು. ಬದನೆಕಾಯಿಯಲ್ಲಿ ಅದು 90 ದಾಟುತ್ತದೆ. ಗಟ್ಟಿ ಇರುವ ಆಲೂಗಡ್ಡೆಯಲ್ಲೂ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರಿದೆ. ಕಲಸಿದ ಹಿಟ್ಟಿನಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಇಷ್ಟೂ ನೀರು ಹೊತ್ತ ಒಂದು ಮಿರ್ಚಿಯನ್ನು ನಾವು 175-180 ಡಿಗ್ರಿ ಕಾದ ಎಣ್ಣೆಗೆ ಬಿಡುತ್ತೇವೆ. ನೀರಿಗೆ 100 ಡಿಗ್ರಿ ಸಾಕು, ಕುದಿಯುತ್ತದೆ. ಹಾಗಾಗಿ ಹಿಟ್ಟು ಎಣ್ಣೆ ಮುಟ್ಟಿದ ಕ್ಷಣವೇ ಮೇಲ್ಮೈಯ ನೀರು ಹಬೆಯಾಗಿ ಹೊರಗೆ ನುಗ್ಗುತ್ತದೆ. ನೀರು ಹಬೆಯಾದಾಗ ಅದು ಹಿಡಿಯುವ ಜಾಗ 1,600 ಪಟ್ಟಿಗೂ ಹೆಚ್ಚಾಗುತ್ತದೆ. ಆ ರಭಸವೇ ನಮಗೆ ಕೇಳುವ ಸುಂಯ್ ಸದ್ದು.

ಇಲ್ಲಿ ಒಂದು ಚೆಂದದ ಸಂಗತಿ ಇದೆ. ಹಬೆ ಹೊರಗೆ ತಳ್ಳುತ್ತಿರುವಷ್ಟು ಹೊತ್ತು ಎಣ್ಣೆ ಒಳಗೆ ಬರಲು ದಾರಿ ಇಲ್ಲ. ಕಿರಿದಾದ ಬಾಗಿಲಿನಿಂದ ಜಾತ್ರೆ ಜನ ಹೊರಗೆ ಬರುತ್ತಿದ್ದರೆ ಒಳಗೆ ಹೋಗುವವನು ನಿಲ್ಲಲೇಬೇಕು. ಇದೂ ಹಾಗೇ. ಗುಳ್ಳೆ ಜೋರಾಗಿದ್ದರೆ ಭಜಿಗೆ ಅದೇ ಕಾವಲು.

ಇನ್ನೊಂದು ವಿಷಯ. ಒಳಗೆ ನೀರು ಇರುವತನಕ ಒಳಗಿನ ಬಿಸಿ 100 ಡಿಗ್ರಿ ದಾಟುವುದಿಲ್ಲ. ಅಂದರೆ ಹಿಟ್ಟಿನ ಒಳಗಿರುವ ಮೆಣಸಿನಕಾಯಿ ಕರಿಯುತ್ತಿಲ್ಲ. ತನ್ನದೇ ನೀರಿನ ಹಬೆಯಲ್ಲಿ ಬೇಯುತ್ತಿದೆ. ಕರಿಯುತ್ತಿರುವುದು ಹೊರಗಿನ ಹಿಟ್ಟಿನ ಪದರ ಮಾತ್ರ. ಆ ಪದರದ ನೀರು ಖಾಲಿಯಾದ ಮೇಲೆ ಅದರ ಬಿಸಿ ಏರುತ್ತದೆ. 140 ಡಿಗ್ರಿ ದಾಟಿದ ಮೇಲೆ ಕಡಲೆ ಹಿಟ್ಟಿನ ಪ್ರೋಟೀನು, ಸಕ್ಕರೆ ಅಂಶ ಸೇರಿ ಹೊಂಬಣ್ಣ ಬರುತ್ತದೆ, ಹುರಿದ ಘಮ ಬರುತ್ತದೆ. ಒಂದೇ ಮಿರ್ಚಿಯಲ್ಲಿ ಎರಡು ಅಡುಗೆ. ಒಳಗೆ ಬೇಯುವುದು, ಹೊರಗೆ ಹುರಿಯುವುದು. ಎರಡೂ ಒಟ್ಟಿಗೆ ಮುಗಿಯಬೇಕು. ಅದೇ ಕೈಚಳಕ.

ಎಣ್ಣೆ ಸಾಕಷ್ಟು ಕಾಯದಿದ್ದರೆ ಹಬೆಗೆ ಬಲ ಇರುವುದಿಲ್ಲ. ಹೊರಪದರ ಬೇಗ ಗಟ್ಟಿಯಾಗುವುದಿಲ್ಲ. ಹಿಟ್ಟು ಎಣ್ಣೆಯಲ್ಲಿ ಹರಡಿಕೊಳ್ಳುತ್ತದೆ. ಬಣ್ಣ ಬರಲೆಂದು ನಾವು ಜಾಸ್ತಿ ಹೊತ್ತು ಬಿಡುತ್ತೇವೆ. ಕೊನೆಗೆ ಎಣ್ಣೆ ಸುರಿಯುವ ಭಜಿ ಕೈಗೆ ಬರುತ್ತದೆ. ಎಣ್ಣೆ ಅತಿಯಾಗಿ ಕಾದರೆ ಬೇರೆ ತೊಂದರೆ. ಹೊರಗೆ ಒಂದೇ ನಿಮಿಷಕ್ಕೆ ಕೆಂಪಾಗುತ್ತದೆ. ಆಯಿತು ಅಂತ ತೆಗೆಯುತ್ತೇವೆ. ಆದರೆ ಒಳಗಿನ ನೀರು ಹೊರಟೇ ಇರುವುದಿಲ್ಲ. ತಟ್ಟೆಯಲ್ಲಿಟ್ಟ ಮೇಲೆ ಆ ನೀರು ನಿಧಾನಕ್ಕೆ ಹೊರಪದರಕ್ಕೆ ಬರುತ್ತದೆ. ಬಣ್ಣ ಚೆನ್ನಾಗಿದ್ದೂ ಭಜಿ ಮೆತ್ತಗಾಗುವುದು ಇದರಿಂದಲೇ.

ಹಿಟ್ಟು

ಕಡಲೆ ನಮ್ಮ ನೆಲದ ಬೆಳೆ. ಯಲಬುರ್ಗಾ, ಕುಕನೂರು ಕಡೆಯ ಎರೆ ಹೊಲಗಳಲ್ಲಿ ಹಿಂಗಾರಿಗೆ ಕಡಲೆ ಬಿತ್ತುತ್ತಾರೆ. ಕಡಲೆ ಬೇಳೆ ತಂದು ಗಿರಣಿಯಲ್ಲಿ ಹಾಕಿಸಿದ ಹಿಟ್ಟಿಗೆ ಇರುವ ಘಮ ಪ್ಯಾಕೆಟ್ಟಿನ ಹಿಟ್ಟಿಗೆ ಇರುವುದಿಲ್ಲ ಅನ್ನುವುದು ನನ್ನ ಗಟ್ಟಿ ಅನಿಸಿಕೆ. ಗಿರಣಿಯವರಿಗೆ ತೀರಾ ನುಣ್ಣಗೆ ಬೇಡ ಅಂತ ಹೇಳಿ. ಕೈಗೆ ಸ್ವಲ್ಪ ರವೆಯಂತೆ ಸಿಗುವ ಹಿಟ್ಟು ಭಜಿಗೆ ಒಳ್ಳೆಯದು.

ಗೋಧಿ, ಮೈದಾದಲ್ಲಿ ಗ್ಲುಟೆನ್ ಅನ್ನುವ ಜಿಗುಟು ಇದೆ. ನಾದಿದಷ್ಟೂ ಎಳೆಯುತ್ತದೆ. ಕಡಲೆ ಹಿಟ್ಟಿನಲ್ಲಿ ಅದಿಲ್ಲ. ಹಾಗಾಗಿ ಎಷ್ಟು ಕಲಸಿದರೂ ಭಜಿ ರಬ್ಬರಿನಂತೆ ಆಗುವುದಿಲ್ಲ. ಬದಲಿಗೆ ಚೆನ್ನಾಗಿ ಬಡಿದಷ್ಟೂ ಲಾಭ. ಇದರಲ್ಲಿ ನೂರಕ್ಕೆ 20ರಷ್ಟು ಪ್ರೋಟೀನು ಇದೆ. ಕೈಯಿಂದ ಒಂದೇ ದಿಕ್ಕಿಗೆ ಐದು ನಿಮಿಷ ಬಡಿದರೆ ಆ ಪ್ರೋಟೀನು ಸಣ್ಣ ಸಣ್ಣ ಗಾಳಿಗುಳ್ಳೆಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಿಟ್ಟಿನ ಬಣ್ಣವೇ ತಿಳಿಯಾಗುತ್ತದೆ. ಒಂದು ಹನಿಯನ್ನು ಬಟ್ಟಲಿನ ನೀರಿಗೆ ಬಿಟ್ಟು ನೋಡಿ. ತೇಲಿದರೆ ಗಾಳಿ ಸಾಕಷ್ಟು ಸೇರಿದೆ ಅಂತ ಅರ್ಥ. ಹೀಗೆ ಬಡಿದ ಹಿಟ್ಟಿಗೆ ಸೋಡಾ ಹೆಚ್ಚು ಬೇಕಾಗುವುದೇ ಇಲ್ಲ.

ನನ್ನ ಅಳತೆ ಹೀಗಿದೆ. ಕಾಲು ಕೆಜಿ ಕಡಲೆ ಹಿಟ್ಟು, ಎರಡು ದೊಡ್ಡ ಚಮಚ ಅಕ್ಕಿ ಹಿಟ್ಟು, ಒಂದು ಟೀ ಚಮಚ ಉಪ್ಪು, ಅರ್ಧ ಚಮಚ ಅಜವಾನವನ್ನು ಅಂಗೈಯಲ್ಲಿ ತಿಕ್ಕಿ ಹಾಕಿದ್ದು, ಚಿಟಿಕೆ ಅರಿಶಿಣ. ನೀರು ಸುಮಾರು 250 ಎಂಎಲ್ ಹಿಡಿಯುತ್ತದೆ. ಹಿಟ್ಟಿನಿಂದ ಹಿಟ್ಟಿಗೆ ಇದು ಬದಲಾಗುತ್ತದೆ, ಅದಕ್ಕೇ ಒಮ್ಮೆಲೇ ಸುರಿಯಬೇಡಿ. ಮೊದಲು ಅರ್ಧ ನೀರು ಹಾಕಿ ಗಂಟಿಲ್ಲದಂತೆ ಗಟ್ಟಿಯಾಗಿ ಕಲಸಿ, ಬಡಿದು, ಆಮೇಲೆ ಸಡಿಲ ಮಾಡಿ. ಇಡ್ಲಿ ಹಿಟ್ಟಿಗಿಂತ ತುಸು ತೆಳು, ದೋಸೆ ಹಿಟ್ಟಿಗಿಂತ ಗಟ್ಟಿ. ಮೆಣಸಿನಕಾಯಿ ಅದ್ದಿ ಎತ್ತಿದರೆ ಹಿಟ್ಟು ಮೈಗೆ ಅಂಟಿ ನಿಲ್ಲಬೇಕು, ತುದಿಯಿಂದ ಒಂದೆರಡು ಹನಿ ಬೀಳಬೇಕು. ತೀರಾ ತೆಳುವಾದರೆ ಕಾಯಿಯ ಮೈ ಅಲ್ಲಲ್ಲಿ ಬರಿದಾಗಿ ಅದರ ನೀರು ನೇರ ಎಣ್ಣೆಗೆ ಸಿಡಿಯುತ್ತದೆ. ತೀರಾ ಗಟ್ಟಿಯಾದರೆ ಹಬೆಗೆ ಹೊರಗೆ ಬರಲು ದಾರಿ ಸಿಗದೆ ಒಳಗಿನ ಹಿಟ್ಟು ಹಸಿಯಾಗಿ ಉಳಿಯುತ್ತದೆ.

ಕಲಸಿದ ಹಿಟ್ಟನ್ನು ಹದಿನೈದು ನಿಮಿಷ ಮುಚ್ಚಿಡಿ. ರವೆಯಂಥ ಕಣಗಳು ನೀರು ಕುಡಿದು ಮೆತ್ತಗಾಗಲು ಅಷ್ಟು ಹೊತ್ತು ಬೇಕು. ಆಮೇಲೆ ಹಿಟ್ಟು ಗಟ್ಟಿಯಾಗಿರುತ್ತದೆ. ಎರಡು ಚಮಚ ನೀರು ಸೇರಿಸಿದರೆ ಹದಕ್ಕೆ ಬರುತ್ತದೆ.

ಅಕ್ಕಿ ಹಿಟ್ಟು ಯಾಕೆ? ಅದರಲ್ಲಿ ಪ್ರೋಟೀನು ಕಡಿಮೆ, ಪಿಷ್ಟ ಜಾಸ್ತಿ. ನೀರು ಹೋದ ಮೇಲೆ ಅದು ಗಟ್ಟಿಯಾಗಿ, ಒಣಗಿ ನಿಲ್ಲುತ್ತದೆ, ಎಣ್ಣೆಯನ್ನೂ ಕಡಿಮೆ ಹೀರುತ್ತದೆ. ಗಂಗಾವತಿ ಅಕ್ಕಿಯ ಊರು ಹತ್ತಿರವೇ ಇರುವ ನಮಗೆ ಇದಕ್ಕೇನು ಕೊರತೆ? ಆದರೆ ಎರಡು ಚಮಚ ದಾಟಬೇಡಿ. ಜಾಸ್ತಿಯಾದರೆ ಭಜಿ ಹಲ್ಲಿಗೆ ಗಟ್ಟಿ ಬಡಿಯುತ್ತದೆ. ಕರಿಯಲು ಕೂರುವ ಮುಂಚೆ ಒಂದು ಚಮಚ ಕಾದ ಎಣ್ಣೆಯನ್ನು ಹಿಟ್ಟಿಗೆ ಹಾಕುವ ರೂಢಿಯೂ ಸುಮ್ನೆ ಬಂದದ್ದಲ್ಲ. ಆ ಎಣ್ಣೆ ಹಿಟ್ಟಿನ ಕಣಗಳ ನಡುವೆ ಸೇರಿಕೊಂಡು ಅವು ಒಂದಕ್ಕೊಂದು ಬಿಗಿಯಾಗಿ ಅಂಟದಂತೆ ತಡೆಯುತ್ತದೆ. ಕಚ್ಚಿದಾಗ ಪದರ ಪುಡಿಯಾಗಿ ಒಡೆಯುತ್ತದೆ.

ಸೋಡಾ ವಿಷಯದಲ್ಲಿ ನಾನು ಬಿಗಿ. ಕಾಲು ಕೆಜಿ ಹಿಟ್ಟಿಗೆ ಎರಡು ಚಿಟಿಕೆ, ಅದೂ ಎಣ್ಣೆ ಕಾದ ಮೇಲೆ. ಮೊದಲೇ ಹಾಕಿದರೆ ಬರುವ ಗ್ಯಾಸ್ ಪಾತ್ರೆಯಲ್ಲೇ ಹಾರಿಹೋಗುತ್ತದೆ. ಜಾಸ್ತಿ ಹಾಕಿದರೆ ಭಜಿ ಉಬ್ಬುತ್ತದೆ ನಿಜ, ಆದರೆ ಹೊರಪದರ ಸ್ಪಂಜಿನಂತೆ ತೂತು ತೂತಾಗುತ್ತದೆ. ಸ್ಪಂಜು ಏನು ಮಾಡುತ್ತದೆ? ಎಣ್ಣೆ ಹೀರುತ್ತದೆ. ಬಾಯಲ್ಲಿ ಸಾಬೂನಿನ ರುಚಿಯೂ ಉಳಿಯುತ್ತದೆ. ಜಾಸ್ತಿಯಾಗಿದೆ ಅಂತ ಕಂಡುಹಿಡಿಯಲು ಅರಿಶಿಣವೇ ಸಾಕ್ಷಿ. ಅರಿಶಿಣಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುವುದು ನಮಗೆಲ್ಲ ಗೊತ್ತು. ಆರತಿ ತಟ್ಟೆಯ ಕೆಂಪು ನೀರು ಅದೇ ಅಲ್ವಾ? ಸೋಡಾ ಕೂಡ ಸುಣ್ಣದಂತೆ ಕ್ಷಾರ. ಹಿಟ್ಟಿನಲ್ಲಿ ಅಲ್ಲಲ್ಲಿ ಕೆಂಪು ಚುಕ್ಕೆ ಕಂಡರೆ ಸೋಡಾ ಸರಿಯಾಗಿ ಕಲೆತಿಲ್ಲ. ಹಿಟ್ಟೆಲ್ಲ ಕೆಂಚಗಾದರೆ ಅಳತೆ ಮೀರಿದೆ.

ಕಾಯಿ

ಸಂತೆಯಲ್ಲಿ ಭಜಿ ಮೆಣಸಿನಕಾಯಿ ಅಂತಲೇ ಕೇಳಿ. ಉದ್ದ, ತಿಳಿಹಸಿರು, ದಪ್ಪ ಸಿಪ್ಪೆ. ಒಗ್ಗರಣೆಗೆ ಹಾಕುವ ಸಣ್ಣ ಕಡುಹಸಿರು ಕಾಯಿ ಇದಕ್ಕೆ ಬೇಡ. ಅದು ಬರೀ ಉರಿಯುತ್ತದೆ.

ಖಾರ ಬೀಜದಲ್ಲಿದೆ ಅಂತ ಎಲ್ಲರೂ ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. ಖಾರ ತುಂಬಿಕೊಂಡಿರುವುದು ಬೀಜ ಹಿಡಿದಿರುವ ಒಳಗಿನ ಬಿಳಿ ನಾರಿನಲ್ಲಿ. ಅದಕ್ಕೆ ತಾಗಿಕೊಂಡಿರುವುದರಿಂದ ಬೀಜಕ್ಕೂ ಖಾರ ಹತ್ತುತ್ತದೆ. ಮಕ್ಕಳಿಗೆ ಕೊಡುವುದಾದರೆ ಉದ್ದಕ್ಕೆ ಸೀಳಿ, ಚಮಚದ ಹಿಡಿಯಿಂದ ಆ ಬಿಳಿ ಭಾಗ ಕೆರೆದು ತೆಗೆಯಿರಿ. ಬರೀ ಬೀಜ ಉದುರಿಸಿದರೆ ಸಾಲದು. ಖಾರದ ಅಂಶದ ಹೆಸರು ಕ್ಯಾಪ್ಸೈಸಿನ್. ಬಿಸಿ ತಾಗಿದಾಗ ಎಚ್ಚರಗೊಳ್ಳುವ ನರದ ಗ್ರಾಹಕವನ್ನೇ ಅದೂ ಎಬ್ಬಿಸುತ್ತದೆ. ಹಾಗಾಗಿ ಬಾಯಿ ನಿಜವಾಗಿ ಸುಡದಿದ್ದರೂ ಸುಟ್ಟಂತೆ ಆಗುತ್ತದೆ. ಈ ಗ್ರಾಹಕವನ್ನು ಕ್ಯಾಪ್ಸೈಸಿನ್ ಬಳಸಿಯೇ ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ವೈದ್ಯಕೀಯ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಮೆಣಸಿನಕಾಯಿ ತಿಂದು ಬೆಳೆದ ನಮಗೆ ಇದು ಸಂತೋಷದ ಸುದ್ದಿಯೇ. ಕ್ಯಾಪ್ಸೈಸಿನ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಆದ್ದರಿಂದ ಖಾರ ಹತ್ತಿದಾಗ ನೀರು ಕುಡಿದರೆ ಉಪಯೋಗ ಕಡಿಮೆ. ಮೊಸರು, ಹಾಲು, ಮಜ್ಜಿಗೆ ಕುಡಿಯಿರಿ. ಹಾಲಿನ ಪ್ರೋಟೀನು ಆ ಖಾರವನ್ನು ಹಿಡಿದು ತೊಳೆದುಕೊಂಡು ಹೋಗುತ್ತದೆ.

ಮೆಣಸಿನಕಾಯಿಯನ್ನು ಸೀಳದೆ ಎಂದೂ ಎಣ್ಣೆಗೆ ಹಾಕಬೇಡಿ. ಇದನ್ನು ನಾನು ನೋವು ತಿಂದು ಕಲಿತೆ. ನೆಂಟರು ಬಂದಿದ್ದರು, ಅವಸರವಿತ್ತು. ಐದಾರು ಕಾಯಿಯನ್ನು ಇಡಿಯಾಗಿಯೇ ಅದ್ದಿ ಬಿಟ್ಟೆ. ಒಂದು ಕಾಯಿ ಪಟ್ ಅಂತ ಒಡೆದು ಮುಂಗೈಗೆ ಎಣ್ಣೆ ಹಾರಿತು. ಕಲೆ ಇನ್ನೂ ಇದೆ. ಮೆಣಸಿನಕಾಯಿಯ ಒಳಗೆ ಟೊಳ್ಳು. ಆ ಟೊಳ್ಳಿನಲ್ಲಿ ಹಬೆ ತುಂಬುತ್ತದೆ. ನೀರು 1,600 ಪಟ್ಟು ಹಿಗ್ಗುತ್ತದೆ ಅಂದೆನಲ್ಲ, ಅದಕ್ಕೆ ದಾರಿ ಇಲ್ಲದಿದ್ದರೆ ಕಾಯಿ ಒಡೆಯಲೇಬೇಕು. ತೊಟ್ಟಿನಿಂದ ತುಸು ಕೆಳಗೆ ಶುರುಮಾಡಿ ತುದಿಯ ಹತ್ತಿರದವರೆಗೆ ಒಂದು ಸೀಳು ಸಾಕು.

ತೊಳೆದ ಕಾಯಿಯನ್ನು ಬಟ್ಟೆಯ ಮೇಲೆ ಹರಡಿ ಪೂರ್ತಿ ಒಣಗಿಸಿ. ಮೆಣಸಿನಕಾಯಿಯ ಮೈ ಮೇಣದ ಹಾಗೆ ನುಣುಪು. ಅದರ ಮೇಲೆ ನೀರಿನ ಪಸೆಯೂ ಇದ್ದರೆ ಹಿಟ್ಟು ಜಾರಿಹೋಗುತ್ತದೆ. ನಾನು ಅದ್ದುವ ಮುಂಚೆ ಕಾಯಿಯನ್ನು ಒಣ ಕಡಲೆ ಹಿಟ್ಟಿನಲ್ಲಿ ಒಮ್ಮೆ ಹೊರಳಿಸುತ್ತೇನೆ. ಆ ಒಣ ಹಿಟ್ಟು ಅಂಟಿನ ಕೆಲಸ ಮಾಡುತ್ತದೆ. ಸೀಳಿನೊಳಗೆ ಉಪ್ಪು, ಅಜವಾನ, ಗಟ್ಟಿ ಹುಣಸೆ ರಸ ಕಲಸಿ ಸವರಿದರೆ ಬಾಯಿಗೆ ಬೇರೆಯೇ ರುಚಿ. ಹುಣಸೆ ನೀರಾಗಿರಬಾರದು, ಗಟ್ಟಿಯಾಗಿರಬೇಕು. ಇಲ್ಲೂ ನೀರಿನದೇ ಲೆಕ್ಕ.

ಉಳಿದ ಕಾಯಿಪಲ್ಲೆಗಳಿಗೂ ಇದೇ ಲೆಕ್ಕ ಹಿಡಿದು ಹೋದರೆ ದಾರಿ ಕಾಣುತ್ತದೆ. ಆಲೂಗಡ್ಡೆಯನ್ನು ಎರಡು ಮೂರು ಮಿಲಿಮೀಟರ್ ತೆಳ್ಳಗೆ ಹೆಚ್ಚಿ. ದಪ್ಪವಾದರೆ ಅದು ಬೇಯುವ ಹೊತ್ತಿಗೆ ಹೊರಪದರ ಕಪ್ಪಾಗುತ್ತದೆ. ಹೆಚ್ಚಿದ ಮೇಲೆ ನೀರಿನಲ್ಲಿ ಹಾಕಿಟ್ಟಿದ್ದರೆ ಬಟ್ಟೆಯಲ್ಲಿ ಒರೆಸಲು ಮರೆಯಬೇಡಿ. ಬದನೆಕಾಯಿಯ ತಿರುಳಿನ ತುಂಬಾ ಗಾಳಿಯ ಗೂಡುಗಳು, ಎಣ್ಣೆ ಹೀರುವುದರಲ್ಲಿ ಅದನ್ನು ಮೀರಿಸುವವರಿಲ್ಲ. ಹೆಚ್ಚಿ ಉಪ್ಪು ಸವರಿ ಹತ್ತು ನಿಮಿಷ ಇಟ್ಟು, ಬಿಟ್ಟ ನೀರು ಒರೆಸಿದರೆ ಆ ಗೂಡುಗಳು ಕುಸಿಯುತ್ತವೆ. ಹೀರೆಕಾಯಿ, ಬಾಳೆಕಾಯಿ ಹೆಚ್ಚು ಕಾಡುವುದಿಲ್ಲ. ದೊಡ್ಡಪತ್ರೆ ಎಲೆಯಲ್ಲಿ ಬೇಯಬೇಕಾದದ್ದೇ ಕಡಿಮೆ, ಹಿಟ್ಟು ತೆಳ್ಳಗಿರಲಿ, ಒಂದೂವರೆ ನಿಮಿಷಕ್ಕೆ ತೆಗೆಯಿರಿ.

ಉಳ್ಳಾಗಡ್ಡಿ ಭಜಿ ಮಾತ್ರ ಬೇರೆ ಜಾತಿ. ಅದಕ್ಕೆ ಹಿಟ್ಟನ್ನು ಮೊದಲೇ ಕಲಸಬಾರದು. ಉದ್ದಕ್ಕೆ ಹೆಚ್ಚಿದ ಉಳ್ಳಾಗಡ್ಡಿಗೆ ಉಪ್ಪು, ಖಾರದ ಪುಡಿ, ಅಜವಾನ ಹಾಕಿ ಚೆನ್ನಾಗಿ ಹಿಸುಕಿ ಹದಿನೈದು ನಿಮಿಷ ಬಿಡಿ. ಉಪ್ಪು ಒಳಗಿನ ನೀರನ್ನು ಎಳೆದು ಹೊರಗೆ ತರುತ್ತದೆ. ಆ ನೀರಿಗೆ ಹಿಡಿಯುವಷ್ಟೇ ಹಿಟ್ಟು ಉದುರಿಸಿ. ಬೇರೆ ನೀರು ಹನಿಯೂ ಬೇಡ. ಮೇಲಿಂದ ನೀರು ಹಾಕಿದರೆ ಕರಿಯುವಾಗ ಉಳ್ಳಾಗಡ್ಡಿಯ ನೀರೂ ಸೇರಿ ಎರಡು ಪಾಲಾಗುತ್ತದೆ, ಭಜಿ ಮುದ್ದೆಯಾಗುತ್ತದೆ. ಉಳ್ಳಾಗಡ್ಡಿಯ ಎಳೆಗಳು ಅಲ್ಲಲ್ಲಿ ಚಾಚಿಕೊಂಡು ಕಾಣಬೇಕು. ಆ ಚಾಚಿದ ತುದಿಗಳೇ ಮೊದಲು ಗರಿಗರಿಯಾಗುವುದು.

ಎಣ್ಣೆ ಮತ್ತು ಉರಿ

ಥರ್ಮಾಮೀಟರ್ ನಮ್ಮ ಅಡುಗೆಮನೆಗಳಲ್ಲಿ ಇರುವುದಿಲ್ಲ. ಬೇಕಾಗಿಯೂ ಇಲ್ಲ. ಹಿಟ್ಟಿನ ಒಂದು ಹನಿ ಬಿಡಿ. ತಳಕ್ಕೆ ಹೋಗಿ ಅಲ್ಲೇ ಕೂತರೆ ಎಣ್ಣೆ ಇನ್ನೂ ತಣ್ಣಗಿದೆ. ತಳ ಮುಟ್ಟುವ ಮೊದಲೇ ಮೇಲೆ ಹಾರಿ ತಕ್ಷಣ ಕೆಂಪಾದರೆ ಅತಿ ಕಾದಿದೆ. ಸ್ವಲ್ಪ ಮುಳುಗಿ, ಎರಡು ಮೂರು ಎಣಿಸುವಷ್ಟರಲ್ಲಿ ಗುಳ್ಳೆ ಸುತ್ತಿಕೊಂಡು ಮೇಲೆ ಬಂದರೆ ಹದ. ಎಣ್ಣೆಯಿಂದ ಹೊಗೆ ಏಳುವವರೆಗೆ ಕಾಯಬಾರದು. ಹೊಗೆ ಎದ್ದರೆ ಎಣ್ಣೆ ಕೆಡಲು ಶುರುವಾಗಿದೆ ಅಂತ.

ಬಹಳ ಜನ ತಪ್ಪುವುದು ಇದಾದ ಮೇಲೆ. ಎಣ್ಣೆ ಹದವಾಗಿದೆ ಅಂತ ಒಮ್ಮೆಲೇ ಎಂಟು ಹತ್ತು ಮಿರ್ಚಿ ಬಿಡುತ್ತಾರೆ. ನೀರು ಹಬೆಯಾಗಲು ಎಷ್ಟು ಶಾಖ ಬೇಕು ಗೊತ್ತಾ? ಮಂಜುಗಡ್ಡೆಯಷ್ಟು ತಣ್ಣಗಿನ ನೀರನ್ನು ಕುದಿಯುವ ಹಂತಕ್ಕೆ ತರಲು ಬೇಕಾದದ್ದಕ್ಕಿಂತ ಐದು ಪಟ್ಟಿಗೂ ಹೆಚ್ಚು. ಅಷ್ಟೂ ಶಾಖವನ್ನು ಎಣ್ಣೆಯೇ ಕೊಡಬೇಕು. ಹಾಗಾಗಿ ಹತ್ತು ಮಿರ್ಚಿ ಬಿದ್ದ ಕೂಡಲೇ ಸಣ್ಣ ಬಾಣಲೆಯ ಎಣ್ಣೆ ಸೋತುಹೋಗುತ್ತದೆ. ಗುಳ್ಳೆ ಮಂಕಾಗುತ್ತದೆ, ಕಾವಲು ಸಡಿಲವಾಗುತ್ತದೆ. ಮನೆಯ ಬಾಣಲೆಯಲ್ಲಿ ಒಂದು ಲೀಟರ್ ಎಣ್ಣೆ ಇದ್ದರೆ ಮೂರು ನಾಲ್ಕು ಮಿರ್ಚಿ ಸಾಕು.

ಬಂಡಿಯ ಮಿರ್ಚಿ ಚೆನ್ನಾಗಿರಲು ಇದೂ ಒಂದು ಕಾರಣ. ಅವರ ಬಾಣಲೆ ಅಗಲ, ದಪ್ಪ. ಎಣ್ಣೆ ತುಂಬಾ ಇರುತ್ತದೆ. ಉರಿಯೂ ಜೋರು. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹದಲ್ಲಿ ಭಕ್ತರಿಗೆ ಲಕ್ಷಗಟ್ಟಲೆ ಮಿರ್ಚಿ ಬಡಿಸುತ್ತಾರೆ. ಅಲ್ಲಿ ಸಾಲಾಗಿ ಇಟ್ಟ ಬಾಣಲೆಗಳ ಮುಂದೆ ಕೂತು ಕರಿಯುವವರನ್ನು ನೋಡಬೇಕು. ಅಷ್ಟು ದೊಡ್ಡ ಬಾಣಲೆಯ ಎಣ್ಣೆ ಒಂದು ಹಿಡಿ ಮಿರ್ಚಿಗೆ ಜಗ್ಗುವುದೇ ಇಲ್ಲ. ಸೇವೆಗೆ ಬಂದ ಜನ ಬದಲಾಗುತ್ತಾರೆ, ಮಿರ್ಚಿಯ ಹದ ಬದಲಾಗುವುದಿಲ್ಲ.

ಬಿಟ್ಟ ಮೇಲೆ ಮೊದಲ ಅರ್ಧ ನಿಮಿಷ ಸೌಟು ಮುಟ್ಟಿಸಬೇಡಿ. ಪದರ ಗಟ್ಟಿಯಾಗಲಿ. ಆಮೇಲೆ ಬಿಸಿ ಎಣ್ಣೆಯನ್ನು ಮೇಲೆ ಚಿಮುಕಿಸಿ ತಿರುವಿ. ಉರಿ ಮಧ್ಯಮಕ್ಕೆ ಇಳಿಸಿ. ಒಂದು ಮಿರ್ಚಿಗೆ ನಾಲ್ಕೈದು ನಿಮಿಷ ಹಿಡಿಯುತ್ತದೆ. ಈಗ ಕಿವಿ ಕೊಡಿ. ಮೊದಲು ಜೋರು ಸದ್ದು, ದೊಡ್ಡ ಗುಳ್ಳೆ. ಆಮೇಲೆ ಸದ್ದು ಇಳಿಯುತ್ತದೆ, ಗುಳ್ಳೆ ಸಣ್ಣದಾಗುತ್ತದೆ. ಹೊರಪದರದ ನೀರು ಖಾಲಿಯಾಗುತ್ತಿದೆ ಅನ್ನುವುದಕ್ಕೆ ಅದೇ ಗುರುತು. ಬಣ್ಣ ನೋಡಿ ತೆಗೆಯುವುದಕ್ಕಿಂತ ಸದ್ದು ಕೇಳಿ ತೆಗೆಯುವುದು ನಂಬಿಕೆಯ ದಾರಿ. ದೊಡ್ಡವ್ವ ಹೇಳಿದ್ದು ಇದನ್ನೇ.

ತೆಗೆದ ಮೇಲಿನ ಅರ್ಧ ನಿಮಿಷ ಎಲ್ಲಕ್ಕಿಂತ ಮುಖ್ಯ. ಇದು ನನಗೆ ತಿಳಿದಾಗ ಆಶ್ಚರ್ಯವಾಗಿತ್ತು. ಕರಿದ ತಿಂಡಿಯೊಳಗೆ ಎಣ್ಣೆ ಹೆಚ್ಚಾಗಿ ಹೋಗುವುದು ಎಣ್ಣೆಯಲ್ಲಿ ಇದ್ದಾಗ ಅಲ್ಲ, ಹೊರಗೆ ತೆಗೆದ ಮೇಲೆ. ಎಣ್ಣೆಯಲ್ಲಿ ಇರುವಾಗ ಹಬೆ ಹೊರಗೆ ತಳ್ಳುತ್ತಿರುತ್ತದೆ. ಹೊರಗೆ ತೆಗೆದ ಕೂಡಲೇ ಭಜಿ ತಣಿಯುತ್ತದೆ, ಸೂಕ್ಷ್ಮ ತೂತುಗಳಲ್ಲಿದ್ದ ಹಬೆ ಮತ್ತೆ ನೀರಾಗುತ್ತದೆ, ಜಾಗ ಖಾಲಿಯಾಗುತ್ತದೆ. ಆ ಖಾಲಿ ಜಾಗ ಮೈಮೇಲೆ ಅಂಟಿಕೊಂಡ ಎಣ್ಣೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಆದ್ದರಿಂದ ಮೈಮೇಲಿನ ಎಣ್ಣೆಯನ್ನು ಬಿಸಿ ಇರುವಾಗಲೇ ಇಳಿಸಬೇಕು. ಜಾಲರಿ ಸೌಟಿನಲ್ಲಿ ಎತ್ತಿ, ಬಾಣಲೆಯ ಮೇಲೆಯೇ ಹಿಡಿದು, ಎರಡು ಮೂರು ಸಲ ಮೆಲ್ಲಗೆ ಕೊಡವಿ. ಎತ್ತುವ ಮುಂಚೆ ಉರಿ ತುಸು ಏರಿಸಿದರೆ ಇನ್ನೂ ಒಳ್ಳೆಯದು. ಎಣ್ಣೆ ಬಿಸಿಯಾದಷ್ಟೂ ತೆಳುವಾಗಿ ಸರಾಗ ಇಳಿಯುತ್ತದೆ.

ಇಳಿಸಿದ್ದನ್ನು ಒಂದರ ಮೇಲೊಂದು ಪೇರಿಸಬೇಡಿ, ಮುಚ್ಚಬೇಡಿ. ಕೆಳಗಿನದರ ಹಬೆ ಮೇಲಿನದಕ್ಕೆ ತಾಗಿ ಎಲ್ಲವೂ ಮೆತ್ತಗಾಗುತ್ತವೆ. ತೂತಿನ ತಟ್ಟೆಯೋ ಬಿದಿರಿನ ಬುಟ್ಟಿಯೋ ಇದ್ದರೆ ಕೆಳಗಿನಿಂದಲೂ ಗಾಳಿ ಆಡುತ್ತದೆ. ಹಳೆಯ ಸುದ್ದಿಪತ್ರಿಕೆ ಮೇಲೆ ಹಾಕುವ ರೂಢಿ ದಯವಿಟ್ಟು ಬಿಡಿ. ಬಿಸಿ ಎಣ್ಣೆಗೆ ಅಚ್ಚಿನ ಮಸಿ ಕರಗುತ್ತದೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2016ರಲ್ಲೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ.

ನಮ್ಮ ಊರುಗಳ ಒಣ ಹವೆ ಭಜಿಗೆ ಅನುಕೂಲ. ಕರಾವಳಿಯ ತೇವದ ಗಾಳಿಯಲ್ಲಿ ಬೇಗ ಮೆತ್ತಗಾಗುವ ಭಜಿ ಇಲ್ಲಿ ಇನ್ನಷ್ಟು ಹೊತ್ತು ತಡೆಯುತ್ತದೆ. ಆದರೂ ಭಜಿ ತಿನ್ನಬೇಕು ಅನಿಸುವುದು ಮಳೆ ಬಂದಾಗಲೇ. ಆಗ ಬಂಡಿಯವರ ಉಪಾಯ ಮಾಡಿ. ಮುಕ್ಕಾಲು ಭಾಗ ಕರಿದು ತೆಗೆದಿಡಿ. ತಿನ್ನುವ ಹೊತ್ತಿಗೆ ಮತ್ತೆ ಒಂದು ನಿಮಿಷ ಕಾದ ಎಣ್ಣೆಗೆ ಬಿಡಿ. ಮೊದಲ ಸಲ ತೆಗೆದಿಟ್ಟಾಗ ಒಳಗಿನ ನೀರು ಹೊರಪದರಕ್ಕೆ ಬಂದಿರುತ್ತದೆ. ಎರಡನೇ ಸಲ ಅದೂ ಹೊರಟುಹೋಗುತ್ತದೆ. ಕಟ್ ಮಿರ್ಚಿ ಅಷ್ಟು ಗರಿಗರಿ ಇರುವುದು ಇದಕ್ಕೇ. ಮಿರ್ಚಿಯನ್ನು ತುಂಡು ಮಾಡಿ ಮತ್ತೆ ಕರಿದಾಗ ನೀರು ಹೊರಡಲು ಹೊಸ ಬಾಗಿಲುಗಳೇ ತೆರೆಯುತ್ತವೆ.

ಒಂದು ಎಚ್ಚರಿಕೆ ಹೇಳಲೇಬೇಕು. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು. ನೀರು ಎಣ್ಣೆಗಿಂತ ಭಾರ, ತಳಕ್ಕೆ ಹೋಗಿ ಅಲ್ಲೇ ಹಬೆಯಾಗಿ ಉರಿಯುವ ಎಣ್ಣೆಯನ್ನು ಸುತ್ತಲೂ ಎರಚುತ್ತದೆ. ಗ್ಯಾಸ್ ಆರಿಸಿ, ದೊಡ್ಡ ಮುಚ್ಚಳ ಮುಚ್ಚಿ, ಪೂರ್ತಿ ತಣಿಯುವವರೆಗೆ ತೆಗೆಯಬೇಡಿ. ಬಾಣಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆ ಸುರಿಯಬೇಡಿ. ಕರಿಯಲು ಶುರುಮಾಡುವ ಮೊದಲೇ ಮುಚ್ಚಳ ಕೈಗೆಟಕುವಂತೆ ಇಟ್ಟುಕೊಳ್ಳಿ.

ಉಳಿದ ಎಣ್ಣೆಯನ್ನು ತಣಿದ ಮೇಲೆ ಬಟ್ಟೆಯಲ್ಲಿ ಸೋಸಿ. ತಳದ ಹಿಟ್ಟಿನ ಚೂರುಗಳು ಹಾಗೇ ಉಳಿದರೆ ಮುಂದಿನ ಸಲ ಅವೇ ಸುಟ್ಟು ಕಹಿ ಬಿಡುತ್ತವೆ. ಸೋಸಿದ್ದನ್ನು ಒಗ್ಗರಣೆಗೆ, ಪಲ್ಲೆಗೆ ಬೇಗ ಮುಗಿಸಿ. ಮತ್ತೆ ಮತ್ತೆ ಕಾದ ಎಣ್ಣೆ ಗಾಳಿ, ನೀರು, ಶಾಖಕ್ಕೆ ಸಿಕ್ಕು ಒಡೆಯುತ್ತದೆ, ದಪ್ಪವಾಗುತ್ತದೆ, ಅಂಟುತ್ತದೆ, ಬಿಳಿ ನೊರೆ ಕಟ್ಟುತ್ತದೆ. ಹೀಗೆ ಕೆಟ್ಟ ಎಣ್ಣೆಯಲ್ಲಿ ಸೇರಿಕೊಳ್ಳುವ ಪೋಲಾರ್ ಅಂಶಗಳು ನೂರಕ್ಕೆ 25 ದಾಟಿದರೆ ಅದನ್ನು ಅಡುಗೆಗೆ ಬಳಸಬಾರದು ಅನ್ನುವ ನಿಯಮ ದೇಶದಲ್ಲಿ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಅದನ್ನು ಮನೆಯಲ್ಲಿ ಅಳೆಯಲು ಆಗುವುದಿಲ್ಲ. ಕಪ್ಪಾಗಿದ್ದರೆ, ಅಂಟುತ್ತಿದ್ದರೆ, ಬೇಗ ಹೊಗೆ ಬರುತ್ತಿದ್ದರೆ ಚೆಲ್ಲಿಬಿಡಿ. ಎಣ್ಣೆಯ ದುಡ್ಡಿಗಿಂತ ಮನೆಯವರ ಹೊಟ್ಟೆ ದೊಡ್ಡದು.

ಇನ್ನು ಮಂಡಾಳು. ಮಿರ್ಚಿ ಕರಿಯುವ ಮೊದಲೇ ಅದನ್ನು ಮುಗಿಸಿಟ್ಟುಕೊಳ್ಳಿ, ಮಿರ್ಚಿಯನ್ನು ಕಾಯಿಸಬಾರದು. ಮಂಡಾಳನ್ನು ನೀರಿನಲ್ಲಿ ಅದ್ದಿ ತಕ್ಷಣ ಹಿಂಡಿ. ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ, ಅರಿಶಿಣದ ಒಗ್ಗರಣೆಗೆ ಹಾಕಿ, ಮೇಲೆ ಪುಠಾಣಿ (ಹುರಿಗಡಲೆ) ಹಿಟ್ಟು ಉದುರಿಸಿ ಕಲಸಿ, ನಿಂಬೆಹಣ್ಣು ಹಿಂಡಿ. ಪುಠಾಣಿ ಹಿಟ್ಟು ಮಂಡಾಳಿನ ಹೆಚ್ಚಿನ ಪಸೆಯನ್ನು ಕುಡಿಯುತ್ತದೆ. ಹಾಗಾಗಿ ಅದರ ಮೇಲಿಟ್ಟ ಮಿರ್ಚಿಯ ಕೆಳಮೈ ಬೇಗ ನೆನೆಯುವುದಿಲ್ಲ. ಪಾತ್ರೆಯ ತಳದಲ್ಲಿ ಭಜಿ ಹಿಟ್ಟು ಉಳಿದಿದ್ದರೆ ಜಾಲರಿ ಸೌಟಿನ ಮೇಲೆ ಸುರಿದು ಎಣ್ಣೆಗೆ ಉದುರಿಸಿ. ಅರ್ಧ ನಿಮಿಷದಲ್ಲಿ ಗುಳ್ಳೆ ನಿಂತು ಕಾಳುಗಳು ತೇಲುತ್ತವೆ. ಅವನ್ನೂ ಮಂಡಾಳಿನ ಮೇಲೆ ಚೆಲ್ಲಿ ತಟ್ಟೆ ಕೊಡಿ.